ಬೊಂಬೆಯತ್ತೆಯ ನಗು

ಬೆಳಿಗ್ಗೆ ಶಿಶುವಿಹಾರದ ಬೀಗ ತೆಗೆದ ಆಯಾ, ಒಳಗೆ ಕಾಲಿಟ್ಟವಳೇ ಹೌಹಾರಿದಳು.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೊಂಬೆಯತ್ತೆ ಎಂದಿನಂತೆ ಕೂತಿತ್ತು. ಬಾಯಿ ಮಾತ್ರ ಇರಲಿಲ್ಲ. ತುಟಿಗಳಿದ್ದ ಜಾಗದಲ್ಲಿ ಒಂದು ತೂತು. ತೂತಿನೊಳಗೆ ತಂತಿ, ಪುಟ್ಟ ಮೋಟಾರು. ಎರಡೂ ಕಣ್ಣುಗಳ ಮೇಲೆ ಹತ್ತಿಯ ಉಂಡೆ.

ಬೊಂಬೆಯತ್ತೆ ಎಂದರೆ ರೋಬೋಟ್. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು, ಕಥೆ ಹೇಳಿ, ಬೆನ್ನು ತಟ್ಟಿ ಮಲಗಿಸುವ ಯಂತ್ರ. ಹೆಸರಿಟ್ಟವರು ಮಕ್ಕಳೇ.

ಇನ್ಸ್‌ಪೆಕ್ಟರ್ ಓಡೋಡಿ ಬಂದರು. ಮನೆಯಲ್ಲಿ ಮಗನ ಒಂದು ಶೂಗೆ ಲೇಸು ಕಟ್ಟಿದ್ದರು. ಇನ್ನೊಂದನ್ನು ಅವನ ಪಾಲಿಗೇ ಬಿಟ್ಟು ಬಂದಿದ್ದರು.

"ಬಾಗಿಲು ಒಡೆದಿಲ್ಲ ಮೇಡಂ," ಎಂದ ಪೇದೆ. ಠಾಣೆಯಲ್ಲಿ ಅವನಿಗೆ ಗೊಣಗಪ್ಪ ಎಂದೇ ಹೆಸರು. "ಕೀಲಿ ಮೂರು ಕಡೆ ಇದೆ. ಆಯಾ ಹತ್ರ, ಮ್ಯಾನೇಜರ್ ಹತ್ರ, ಇದನ್ನ ಮಾಡಿದ ಕಾರ್ಖಾನೇಲಿ. ಬೊಂಬೆ ತುಟಿ ಹುಡುಕೋದೂ ಪೊಲೀಸ್ ಕೆಲಸ ಆಯ್ತು ನೋಡಿ, ಕರ್ಮ."

ಮ್ಯಾನೇಜರ್ ಬೆರಳು ತೋರಿಸಿಬಿಟ್ಟ. "ಇವಳೇ ಮೇಡಂ. ಯಂತ್ರ ಬಂತು, ಇನ್ನು ಆಯಾ ಬೇಡ, ತಿಂಗಳ ಕೊನೆಗೆ ನೀನು ಹೊರಡು ಅಂದಿದ್ದೆ. ಅವತ್ತಿಂದ ಇದನ್ನ ಕಂಡ್ರೆ ಉರಿದು ಬೀಳ್ತಿದ್ಲು. ಮಕ್ಕಳು ಮಲಗಿದ ಮೇಲೆ ಇದರ ಮುಖಕ್ಕೆ ತನ್ನ ಏಪ್ರನ್ ಹೊದಿಸೋಳು."

"ಹೊದಿಸ್ತಿದ್ದೆ," ಎಂದಳು ಆಯಾ. "ಅದು ನೋಡ್ತಾ ಕೂತ್ರೆ ನನಗೆ ತುತ್ತು ಇಳಿಯಲ್ಲ. ಹಾಗಂತ ಬಾಯಿ ಕೊಯ್ತೀನಾ? ಹೊಟ್ಟೆ ಉರಿಯೋದು ಅದರ ಮೇಲಲ್ಲ ಮೇಡಂ, ತಂದಿಟ್ಟವರ ಮೇಲೆ."

"ಕಣ್ಣು ಮುಚ್ಚಿರೋದು ನೋಡಿ ಮೇಡಂ," ಗೊಣಗಪ್ಪ ಪಿಸುಗುಟ್ಟಿದ. "ಅದೇ ಹೆದರಿಕೆ. ಕೇಸ್ ಮುಗೀತು."

ಇನ್ಸ್‌ಪೆಕ್ಟರ್ ಹತ್ತಿ ಮುಟ್ಟಿ ನೋಡಿದರು. ಯಾರೋ ನೀರಲ್ಲಿ ಅದ್ದಿ, ಹಿಂಡಿ, ರೆಪ್ಪೆಗೂದಲು ಒಂದೂ ಮುರಿಯದಂತೆ ಇಟ್ಟಿದ್ದರು. ಆಯಾಳ ಏಪ್ರನ್ ಕೈಗೆಟುಕುವ ಮೊಳೆಯಲ್ಲೇ ನೇತಾಡುತ್ತಿತ್ತು.

"ಏಪ್ರನ್ ಇಲ್ಲೇ ಇದೆ. ಹೆದರಿದವಳು ಹತ್ತಿ ಒದ್ದೆ ಮಾಡ್ಕೊಂಡು ಕೂರ್ತಾಳೇನಯ್ಯ?"

ಆದರೂ ಆಯಾಳನ್ನು ಠಾಣೆಗೆ ಕರೆದೊಯ್ದರು. ಮ್ಯಾನೇಜರ್ ಬರೆದುಕೊಟ್ಟ ದೂರಿನಲ್ಲಿ ಇದ್ದುದು ಅವಳೊಬ್ಬಳ ಹೆಸರೇ.

* * *

ಕಾರ್ಖಾನೆಯ ಮೇಲ್ಮಹಡಿಯಲ್ಲಿ ಗೋಡೆ ತುಂಬ ಮುಖಗಳು. ನುಣುಪು ಕೆನ್ನೆ, ತಿದ್ದಿ ತೀಡಿದ ಮೂಗು. ಒಂದೊಂದೂ ಚೆಲುವೆ. ಇನ್ಸ್‌ಪೆಕ್ಟರ್ ಮೈ ಜುಮ್ಮೆಂದಿತು.

"ಎಲ್ಲರಿಗೂ ಹಾಗೇ ಆಗತ್ತೆ," ಎಂದಳು ಅಲ್ಲಿ ಕೂತಿದ್ದ ಹೆಂಗಸು. ಮುಖ ಮಾಡುವವಳು. ಕಾರ್ಖಾನೆಯವರಿಗೆಲ್ಲ ಅವಳು ಮುಖದಕ್ಕ. ನಿದ್ದೆ ಕಾಣದ ಕಣ್ಣು, ಉಗುರಿನ ಸಂದಿಯಲ್ಲಿ ಬಣ್ಣ. "ಇವೆಲ್ಲ ಫೇಲಾದವು. ಮಕ್ಕಳು ನೋಡಿದ್ದೇ ತಡ, ಚೀರಿ ಎದ್ದು ಓಡ್ತಿದ್ವು. ಚರ್ಮಕ್ಕೆ ಜೀವ ಇದ್ದು ನಗುವಿಗೆ ಇಲ್ಲದಿದ್ರೆ, ಹೆಣ ಎದ್ದು ಕೂತ ಹಾಗೆ ಕಾಣತ್ತೆ."

"ಬೊಂಬೆಯತ್ತೆಗೆ ಯಾಕೆ ಹೆದರಲಿಲ್ಲ?"

"ನಗು ಸೊಟ್ಟ ಮಾಡಿದೆ. ಮೊದಲು ಒಂದು ಕಡೆ ತುಟಿ ಏಳತ್ತೆ. ಆಮೇಲೆ ಕಣ್ಣು ಕಿರಿದಾಗತ್ತೆ. ಕೊನೆಗೆ ಇನ್ನೊಂದು ಕಡೆ. ಅಷ್ಟೇ. ಮಕ್ಕಳು ಹೋಗಿ ತಬ್ಕೊಂಡ್ವು."

"ಅಂಥ ನಗು ಎಲ್ಲಿ ಸಿಕ್ತು?"

"ಹುಡುಕ್ತಾ ಹೋದೆ. ಸಿಕ್ತು."

ಅವಳ ಮೇಜಿನ ಎದುರಿಗೊಂದು ಕನ್ನಡಿಯಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಶಿಶುವಿಹಾರದ ಕೀಲಿ. ರಿಪೇರಿಗೆಂದು ಇಟ್ಟದ್ದು, ಯಾರು ಬೇಕಾದರೂ ತೆಗೆಯಬಹುದು.

ಮಾತಾಡುತ್ತಲೇ ಮುಖದಕ್ಕ ಕೆಲಸಕ್ಕೆ ಕೈಹಾಕಿದಳು. ಬಟ್ಟಲಿನ ನೀರಲ್ಲಿ ಹತ್ತಿ ಅದ್ದಿದಳು. ಹಿಂಡಿದಳು. ಮುಂದಿದ್ದ ಮುಖದ ಎರಡೂ ಕಣ್ಣುಗಳ ಮೇಲಿಟ್ಟಳು. ಆಮೇಲೆ ಚಾಕು ಎತ್ತಿದಳು.

"ಅದ್ಯಾಕೆ?" ಇನ್ಸ್‌ಪೆಕ್ಟರ್ ದನಿ ಮೆತ್ತಗಾಗಿತ್ತು.

"ಸಿಲಿಕೋನ್ ಪುಡಿ ಕಣ್ಣಿಗೆ ಬಿದ್ರೆ ಹೊಳಪು ಹೋಗತ್ತೆ. ಬೇರೆಯವರು ಟೇಪ್ ಅಂಟಿಸ್ತಾರೆ, ರೆಪ್ಪೆಗೂದಲು ಕಿತ್ತು ಬರತ್ತೆ. ನಾನು ಮಾತ್ರ ಹೀಗೆ."

ಇನ್ಸ್‌ಪೆಕ್ಟರ್ ಹೊರಗೆ ಬಂದರು.

"ಇವಳೇ ಅಲ್ವಾ ಮೇಡಂ?" ಎಂದ ಗೊಣಗಪ್ಪ. "ಎತ್ತಾಕ್ಕೊಂಡು ಹೋಗೋಣ."

"ಹೆತ್ತ ಹಾಗೆ ಮಾಡಿದ್ದನ್ನ ಯಾಕೆ ಕೊಯ್ದಳು? ಅದು ಗೊತ್ತಾಗ್ಲಿ. ಇವಳಿಗೆ ಮಗು ಇದೆಯಾ, ಇದ್ರೆ ಯಾವ ಶಿಶುವಿಹಾರಕ್ಕೆ ಹೋಗತ್ತೆ, ವಿಚಾರಿಸು."

* * *

ಸಂಜೆ. ಅಪ್ಪ ಅಮ್ಮಂದಿರು ಬಂದು ಮಕ್ಕಳನ್ನು ಕರೆದೊಯ್ಯುತ್ತಿದ್ದರು. ಬೊಂಬೆಯತ್ತೆಯ ಬಾಯಿಗೆ ಸ್ಕಾರ್ಫ್ ಸುತ್ತಿ ಕೂರಿಸಿದ್ದರು. ಅದರ ಮಡಿಲಲ್ಲಿ ಒಬ್ಬಳೇ ಹುಡುಗಿ ಉಳಿದಿದ್ದಳು. ಮುಖದಕ್ಕನ ಪುಟ್ಟಿ.

ಮುಖದಕ್ಕ ಏದುಸಿರು ಬಿಡುತ್ತ ಬಂದಳು. "ಬಾ ಪುಟ್ಟಿ, ಮನೆಗೆ ಹೋಗೋಣ."

"ಬರಲ್ಲ. ಅತ್ತೆ ನಗ್ತಾನೇ ಇಲ್ಲ."

"ನಾನು ನಗ್ತೀನಲ್ಲ, ನೋಡಿಲ್ಲಿ." ಮುಖದಕ್ಕ ನಕ್ಕಳು. ಮೊದಲು ಎಡಗಡೆ ತುಟಿ ಎದ್ದಿತು. ಕಣ್ಣು ಕಿರಿದಾಯಿತು. ಕೊನೆಗೆ ಬಲಗಡೆ.

ಮೂಲೆಯಲ್ಲಿ ಕಾದು ಕೂತಿದ್ದ ಇನ್ಸ್‌ಪೆಕ್ಟರ್ ಎದ್ದು ನಿಂತರು. "ಆಯಾನ ಬಿಡ್ತೀವಿ ಅಮ್ಮ. ನೀವು ಠಾಣೆಗೆ ಬನ್ನಿ."

ಮುಖದಕ್ಕನ ನಗು ಹಾಗೇ ನಿಂತುಹೋಯಿತು.

"ಬೇರೆ ಯಾರೇ ಆಗಿದ್ರೂ ಕಣ್ಣಿಗೇ ಮೊದಲು ಚುಚ್ತಿದ್ರು. ನೀವು ಹಾಳು ಮಾಡೋಕೆ ಬಂದವರು, ಕಣ್ಣು ಹಾಳಾಗದ ಹಾಗೆ ನೋಡ್ಕೊಂಡ್ರಿ. ಕೈ ತನ್ನ ಅಭ್ಯಾಸ ಬಿಡಲಿಲ್ಲ. ತುಟಿ ಯಾಕೆ ಅನ್ನೋದೊಂದು ತಿಳಿದಿರಲಿಲ್ಲ. ಈಗ ನಿಮ್ಮ ನಗು ನೋಡಿದೆ. ಆ ನಗು ಸಿಕ್ಕಿದ್ದು ಕನ್ನಡೀಲಿ ಅಲ್ವಾ?"

ಮುಖದಕ್ಕ ಸಣ್ಣ ಕುರ್ಚಿಯೊಂದರ ಮೇಲೆ ಕುಸಿದಳು. "ಮನೇಲಿ ನಾವಿಬ್ರೇ. ಇದರ ಕೆಲಸ ಮುಗಿಯೋ ತನಕ ಮಗಳನ್ನ ಎತ್ಕೊಳ್ಳೋಕೂ ನನಗೆ ಪುರುಸೊತ್ತಿರಲಿಲ್ಲ. ಅವಳಿಗೆ ಜ್ವರ ಬಂದಾಗ ಇನ್ನೊಂದು ಮುಖ ಅರ್ಜೆಂಟ್ ಅಂದ್ರು. ಇಲ್ಲೇ ಬಿಟ್ಟೆ. ಇದರ ಮಡಿಲಲ್ಲೇ ಜ್ವರ ಬಿಡ್ತು. ರಾತ್ರಿ ತಬ್ಕೊಂಡು ನಕ್ಕೆ. ಏನಂದ್ಲು ಗೊತ್ತಾ? 'ಅಮ್ಮಾ, ನೀನೂ ಅತ್ತೆ ಥರಾನೇ ನಗೋಕೆ ಕಲಿತುಬಿಟ್ಟೆ' ಅಂದ್ಲು." ಅವಳು ತನ್ನ ತುಟಿ ಮುಟ್ಟಿಕೊಂಡಳು. "ನನ್ನ ನಗುನ ನಾನೇ ಕಾಪಿ ಹೊಡೆದ ಹಾಗಾಯ್ತು, ಮೇಡಂ."

ಅವಳು ಚೀಲದಿಂದ ಪೊಟ್ಟಣವೊಂದನ್ನು ತೆಗೆದು ಕೊಟ್ಟಳು. ಕೊಯ್ದ ತುಟಿಗಳು. ಒದ್ದೆ ಹತ್ತಿಯಲ್ಲಿ ಜೋಪಾನವಾಗಿ ಸುತ್ತಿದ್ದಳು.

ಇನ್ಸ್‌ಪೆಕ್ಟರ್‌ಗೆ ಬೆಳಗಿನ ಲೇಸು ನೆನಪಾಯಿತು. ಯಾರು ಕಟ್ಟಿದರೋ. ಫೋನ್ ತೆಗೆದರು, ಮತ್ತೆ ಒಳಗಿಟ್ಟರು.

"ತುಟಿ ನಮಗೇನೂ ಬೇಡ," ಎಂದ ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್. "ಅಚ್ಚು ಕಾರ್ಖಾನೇಲಿದೆಯಂತೆ. ನಾಳೆ ಹೊಸದು ಕೂರಿಸ್ತಾರೆ. ಇನ್ನೂ ಎಷ್ಟೋ ಶಿಶುವಿಹಾರಗಳಿಂದ ಅದೇ ನಗುವಿಗೆ ಆರ್ಡರ್ ಬಂದಿದೆ."

"ಆಯಾನ ಮತ್ತೆ ತಗೋತೀರಾ?"

"ಅದು ಬೇರೆ ವಿಷಯ ಮೇಡಂ."

ಪುಟ್ಟಿ ಮಡಿಲಿಂದ ಇಳಿದು ಬಂದಳು. ಅಮ್ಮನ ಸೆರಗು ಜಗ್ಗಿದಳು. "ಅತ್ತೆಗೆ ಬಾಯಿ ಬರತ್ತಾ ಅಮ್ಮಾ?"

"ಬರತ್ತೆ ಪುಟ್ಟಿ." ಮುಖದಕ್ಕ ಕಣ್ಣೊರೆಸಿಕೊಂಡು ನಕ್ಕಳು. ಮೊದಲು ಎಡಗಡೆ.

ಪುಟ್ಟಿ ಅಮ್ಮನ ತುಟಿಯ ಮೇಲೆ ಬೆರಳಿಟ್ಟು, ಪರೀಕ್ಷೆ ಮಾಡುವವಳಂತೆ ನೋಡಿದಳು.

"ಹೂಂ. ಇಂಥದೇ ಹಾಕೋಕೆ ಹೇಳು."