ಕಿಟಕಿಗೆ ಅಡ್ಡವಿದ್ದ ಕೊಂಬೆಗಳು

“ಆ ಕೆಳಗಿನ ಕೊಂಬೆಗಳನ್ನ ಮುಟ್ಟಬೇಡ. ಆಮೇಲೆ ಅತ್ತಿಗೆ ಹೇಳಲೇ ಇಲ್ಲ ಅನ್ನಬೇಡ.”

ಗಡಿಯಾರ ರಿಪೇರಿಯವನು ನಕ್ಕುಬಿಟ್ಟ. ಸತ್ತ ಅಣ್ಣನ ಮಂಚವನ್ನು ಗೋಡೆಗೆ ಸರಿಸಿ, ಆ ಕೋಣೆಯಲ್ಲಿ ತನ್ನ ಕೆಲಸದ ಮೇಜು ತಂದು ಹಾಕಿದ್ದ. ಅತ್ತಿಗೆಯನ್ನು ಹಿಂದಿನ ಸಾಮಾನು ಕೋಣೆಗೆ ದಬ್ಬಿಯಾಗಿತ್ತು. ಇನ್ನು ಕಿಟಕಿಗೆ ಅಡ್ಡವಾಗಿ ಜೋತಿದ್ದ ಕೊಂಬೆಗಳನ್ನು ಸವರಿಸಿಬಿಟ್ಟರೆ ಮುಗಿಯಿತು. ಕೂದಲೆಳೆಯಂಥ ಸ್ಪ್ರಿಂಗು ಹಿಡಿಯುವವನಿಗೆ ಬೆಳಕೇ ಅನ್ನ. ಅದೇ ಬೆಳಕಿಗಾಗಿ ಹಾಸಿಗೆ ಹಿಡಿದ ಅಣ್ಣ ಗೋಗರೆದಾಗ ಮಾತ್ರ, “ಮನೆ ನನ್ನದು, ಮರವೂ ನನ್ನದು” ಎಂದು ಕಡ್ಡಿ ಮುರಿದಂತೆ ಹೇಳಿದ್ದ. ಅಣ್ಣ ಆ ಕತ್ತಲಲ್ಲೇ ಕಣ್ಣು ಮುಚ್ಚಿದ. ಇಂಥವನನ್ನು ತಮ್ಮ ಅನ್ನಬೇಕಂತೆ!

“ಒಂದೊಂದು ಕೊಂಬೆಗೂ ಮೊಳೆ ಹೊಡೆಸಿದ್ದೀನಿ,” ಅಂದಳು ಅತ್ತಿಗೆ. “ಮಾಟ ಮಾಡಿಸಿದ್ದು ನಾನೇ. ತೆಗೆಸೋಕೆ ನನ್ನ ಕೈಲೂ ಆಗಲ್ಲ.”

“ಮೊಳೆಗೆ ಹೆದರೋಕೆ ನಾನೇನು ಬಲೂನಾ ಅತ್ತಿಗೆ?”

ಮರ ಸವರುವವನು ಏಣಿ ಹತ್ತಿದ. ಗರಗಸ ಕರಕರ ಎಂದಿತು. ಮೊದಲ ಕೊಂಬೆ ಕಡಿದ ಜಾಗದಿಂದ ಹಸಿ ಮರದ ವಾಸನೆ ಬರಲಿಲ್ಲ; ಔಷಧಿ, ಬೆವರು, ಬಹಳ ದಿನ ಮಲಗಿದ ಹಾಸಿಗೆಯ ಮುಗ್ಗಲು ವಾಸನೆ ಬಂತು. ಒಳಗೆ ತುಕ್ಕು ಹಿಡಿದ ಮೊಳೆ, ಅದಕ್ಕೆ ಸುತ್ತಿದ ನರೆಗೂದಲು. ಅವನು ಮುಖ ಸಿಂಡರಿಸಿ ಕೆಳಗೆ ನೋಡಿದ.

“ಇಲ್ಲಿಗೇ ಸಾಕು ಮಾಡೋಣ್ವಾ ಸಾರ್?”

“ಬಂದ ಕೆಲಸ ನೋಡಪ್ಪ.”

ಗಡಿಯಾರದವನು ಒಳಗೆ ಹೋಗಿ ಮೇಜಿನ ಮುಂದೆ ಕೂತ. ಕೋಣೆ ಮೊದಲಿಗಿಂತ ಮಬ್ಬಾಗಿತ್ತು. ಮೋಡ ಕವಿದಿರಬೇಕು ಅಂದುಕೊಂಡ. ಎರಡನೆಯ ಕೊಂಬೆ ದೊಪ್ಪನೆ ಬಿತ್ತು. ಮುಳ್ಳು, ಚಕ್ರಗಳೆಲ್ಲ ಕಣ್ಣೆದುರೇ ಕಲಸಿಹೋದವು.

“ಬೇಗ ಕಡಿಯೋ! ಕತ್ತಲಾಗ್ತಿದೆ!”

“ಕತ್ತಲೆಲ್ಲಿ ಸಾರ್? ಬಿಸಿಲು ನಿಮ್ಮ ಮೇಜಿನ ಮೇಲೇ ಬಿದ್ದಿದೆಯಲ್ಲ!”

ಅವನು ಕಣ್ಣುಜ್ಜಿಕೊಂಡ. ಉಳಿದದ್ದು ಒಂದೇ ಕೊಂಬೆ. ಅದು ಹೋದರೆ ಸರಿಹೋಗುತ್ತದೆ. ಹೋಗಲೇಬೇಕು.

“ಕಡಿ ಅಂದ್ರೆ ಕಡಿ!”

ಮತ್ತೆ ಗರಗಸ. ಬೆವರಿನ ವಾಸನೆ ಹತ್ತಿರವಾಯಿತು. ಕಿವಿಯ ಬಳಿ ಯಾರದೋ ಏದುಸಿರು. ಕೊಂಬೆ ಲಟಕ್ಕೆಂದಿತು. ಬಿತ್ತು.

ಕಿಟಕಿ ಹೋಯಿತು. ಮೇಜು ಹೋಯಿತು. ತನ್ನ ಕೈಯೇ ಕಾಣಲಿಲ್ಲ. ಮುಖಕ್ಕೆ ಬಿಸಿಲು ಚುರುಗುಟ್ಟುತ್ತಿತ್ತು. ರೆಪ್ಪೆ ಸುಡುವಷ್ಟು. ಆದರೂ ಕಗ್ಗತ್ತಲು.

“ಅತ್ತಿಗೆ! ದೀಪ ಹಾಕಿ! ನಿಮ್ಮ ಕಾಲಿಗೆ ಬೀಳ್ತೀನಿ!”

ಅತ್ತಿಗೆ ಬಂದಳು. ತಡಕಾಡುತ್ತಿದ್ದ ಅವನ ಕೈ ಹಿಡಿದು ನಡೆಸಿಕೊಂಡು ಹೋಗಿ, ಅಣ್ಣನ ಮಂಚದ ಮೇಲೆ ಮಲಗಿಸಿ ಹೊದಿಕೆ ಎಳೆದಳು.

“ಅವರೂ ಹೀಗೇ, ಬೆಳಕು ಬೆಳಕು ಅಂತಿದ್ರು. ಪಾಪ, ಕತ್ತಲು ಅಭ್ಯಾಸ ಆಗೋಷ್ಟರಲ್ಲಿ ಹೋಗಿಬಿಟ್ರು,” ಅಂದಳು. “ನೀನಿನ್ನೂ ಚಿಕ್ಕವನು. ನಿಂದು ಅಷ್ಟು ಬೇಗ ಮುಗಿಯಲ್ಲ.”