ಓದದೇ ಉಳಿದ ಮೂರನೇ ಭಾನುವಾರ

"ಆ ಮೇಣದಬತ್ತಿ ತೆಗಿ! ನನ್ನ ತಮ್ಮನ ಸಮಾಧಿ ಮುಟ್ಟಬೇಡ!"

ಜಸಿಂತಾಳ ಕೂಗಿಗೆ ಇನ್ನಾಸ ಬೆಚ್ಚಿ ಎದ್ದು ನಿಂತ. ೨೦೦೧ರ ನವೆಂಬರ್ ಎರಡು, ಸತ್ತವರ ಹಬ್ಬದ ಸಂಜೆ. ಹಾಸನದ ಕ್ರೈಸ್ತರ ಸ್ಮಶಾನದ ತುಂಬ ದೀಪ, ಸೇವಂತಿಗೆ, ಬಿಕ್ಕಳಿಕೆ.

ನಾಲ್ಕು ವರ್ಷದ ಮೇಲೆ ಅವನನ್ನು ನೋಡುತ್ತಿದ್ದಳು. 'ಎಷ್ಟು ಸೊರಗಿದ್ದಾನೆ... ಛೆ! ಇವನ ಮೇಲೆ ನನಗ್ಯಾಕೆ ಕನಿಕರ?'

ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹುಡುಗ-ಹುಡುಗಿಯ ಹೆಸರು ಓದಬೇಕು. ಇವರಿಬ್ಬರ ಹೆಸರು ಎರಡು ಸಲ ಓದಿಯಾಗಿತ್ತು. ಮೂರನೇ ಭಾನುವಾರ ಇನ್ನಾಸನನ್ನು ಕರೆತರಲು ಜಸಿಂತಾಳ ತಮ್ಮ ರಾಯಪ್ಪ ಶಾಂತಿಗ್ರಾಮಕ್ಕೆ ಹೋಗಿದ್ದ. ಬರುವಾಗ ಬೈಕು ಓಡಿಸುತ್ತಿದ್ದ ಇನ್ನಾಸ, ಪೂಜೆಗೆ ಹೊತ್ತಾಯಿತೆಂದು ಲಾರಿಯನ್ನು ಹಿಂದೆ ಹಾಕಲು ಹೋದ. ಬೈಕು ಉರುಳಿತು. ಹಿಂದೆ ಕೂತಿದ್ದ ರಾಯಪ್ಪ ಅಲ್ಲೇ ಹೋಗಿಬಿಟ್ಟ. ಫಾದರ್ ಅವತ್ತು ಹೆಸರಿನ ಚೀಟಿ ಓದಲೇ ಇಲ್ಲ.

ಸಮಾಧಿಗಳಿಗೆ ತೀರ್ಥ ಚಿಮುಕಿಸುತ್ತ ಬಂದ ಫಾದರ್ ಪರಲೋಕ ಮಂತ್ರ ಶುರು ಮಾಡಿದರು. ಜನ ದನಿಗೂಡಿಸಿದರು.

'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ...'

ಜಸಿಂತಾ ಬಾಯಿ ಮುಚ್ಚಿಕೊಂಡಳು. ನಾಲ್ಕು ವರ್ಷದಿಂದ ಈ ಸಾಲು ಬಂದಾಗಲೆಲ್ಲ ಅವಳದು ಇದೇ ಹಟ. ಪಾಪ, ಅವಳು ಕ್ಷಮಿಸಲಾರದೆ ಇದ್ದದ್ದು ಅವನೊಬ್ಬನನ್ನೇ ಅಲ್ಲ, ತನ್ನನ್ನೂ!

ಪ್ರಾರ್ಥನೆ ಮುಗಿಯಿತು. ಫಾದರ್ ಮುಂದಿನ ಸಮಾಧಿಗೆ ಹೋದರು.

"ಓಯ್ತೀನಿ ಕಣೆ... ಅಳಬ್ಯಾಡ," ಇನ್ನಾಸ ತಿರುಗಿದ.

"ನಿಲ್ಲು! 'ನಾಳೆ ಹೆಸರು ಓದೋ ಹೊತ್ತಿಗೆ ನೀನು ಬರದಿದ್ರೆ ಮದುವೇನೇ ಬೇಡ' ಅಂತ ಹೇಳಿದ್ದು ನಾನು. ಅದನ್ನ ಯಾರಿಗೂ ಯಾಕೆ ಹೇಳಲಿಲ್ಲ?"

"ತಮಾಸೆಗೆ ಅಂದಿದ್ದೆ ನೀನು. ಬ್ರೇಕು ನನ್ ಕಾಲ್ಕೆಳಗಿತ್ತು. 'ನಿದಾನ ಓಗೋ' ಅಂತ ರಾಯಪ್ಪ ಬಡ್ಕೊಂಡ... ನಾನು ಕೇಳ್ನಿಲ್ಲ."

ಜಸಿಂತಾ ಕುಸಿದು ಕೂತಳು. ಊರೆಲ್ಲ ಬೈದಾಗಲೂ ಅವಳ ಪಾಲಿನ ತಪ್ಪನ್ನು ಇವನೇ ಹೊತ್ತಿದ್ದ. ಅವಳು ಎದೆ ಬಿರಿಯುವಂತೆ ಅತ್ತಳು. ಆಮೇಲೆ ತಮ್ಮನ ಹೆಸರಿದ್ದ ಕಲ್ಲಿನ ಮೇಲೆ ಕೈಯಿಟ್ಟು, ಬಿಟ್ಟ ಸಾಲನ್ನು ಒಬ್ಬಳೇ ಹೇಳಿದಳು.

"ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ... ನಮ್ಮ ತಪ್ಪುಗಳನ್ನು ಕ್ಷಮಿಸಿ."

"ಆಮೆನ್," ಎಂದ ಇನ್ನಾಸ.

ಗಾಳಿಗೆ ಅವನ ಬತ್ತಿ ಆರಿತ್ತು. ಅವಳು ತನ್ನ ಬತ್ತಿಯಿಂದ ಅದನ್ನು ಹೊತ್ತಿಸಿದಳು.

"ಇನ್ನೊಂದು ಭಾನುವಾರದ್ದು ಬಾಕಿ ಇತ್ತಲ್ವಾ?"

ಅವನು ತಲೆಯೆತ್ತಲಿಲ್ಲ. "ಫಾದರ್‌ನ ಕೇಳಿದ್ದೆ... ಅಳೇ ಎರಡು ಸಲದ್ದು ನಡೆಯಾಕಿಲ್ವಂತೆ. ಮೊದಲ್ನೇ ವಾರದಿಂದ್ಲೇ ಓದಿಸ್ಬೇಕಂತೆ."

"ಓದಿಸು." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ಇನ್ನಾಸ... ಈ ಸಲ ಹೊತ್ತಾದ್ರೂ ಪರವಾಗಿಲ್ಲ. ನಿಧಾನಕ್ಕೆ ಬಾ. ನಾನು ಕಾಯ್ತಿರ್ತೀನಿ."