ಕೆಂಪು ಪೆನ್ಸಿಲಿನ ಶನಿವಾರ

"ಹೋದ ವರ್ಷ ನನಗೋಸ್ಕರ ಬರೆದೆಯಲ್ಲ, ಆ ಶಿಫಾರಸು ಪತ್ರ ಕೊಡು," ಎಂದಳು ಒಡೆಸ್ಸಾ. "ಹುಡುಗೀರಿಗೆ ತೋರಿಸೋಕೆ ಒಂದು ಒಳ್ಳೇ ಮಾದರಿ ಬೇಕು. ಹೆಸರುಗಳನ್ನ ಮುಚ್ಚಿಬಿಡ್ತೀನಿ."

ಅನೀಬಲ್‌ನ ಕಾಫಿ ಲೋಟ ತುಟಿಯ ತನಕ ಹೋಗಿ ನಿಂತಿತು.

"ಅದು ಗುಟ್ಟಿನ ಪತ್ರ ಕಣೇ. ನೇರ ಯೂನಿವರ್ಸಿಟಿಗೇ ಹೋಗೋದು."

"ನನ್ನಿಂದ್ಲೂ ಗುಟ್ಟಾ?" ಅವಳು ಕಣ್ಣಂಚಿನಲ್ಲೇ ನಕ್ಕಳು. "ಅದರೊಳಗೂ ಪ್ರೇಮಪತ್ರ ಬರೆದುಬಿಟ್ಟಿದ್ದೀಯೇನು?"

ಅಮೆರಿಕದ ಪ್ಯಾಟರ್ಸನ್ ಊರಿನ ಶಾಲೆಯೊಂದರಲ್ಲಿ ಅವನು ವಿಜ್ಞಾನ ವಿಭಾಗದ ಮುಖ್ಯಸ್ಥ, ಅವಳು ರಸಾಯನಶಾಸ್ತ್ರದ ಶಿಕ್ಷಕಿ. ಅವಳ ಅಜ್ಜಿ ಜಾರ್ಜಿಯಾದ ಹತ್ತಿ ಹೊಲಗಳಿಂದ ಬಂದವಳು. ಅವನ ತಾಯಿ ಕೆರಿಬಿಯನ್ ದ್ವೀಪದ ಸಾಂಟೊ ಡೊಮಿಂಗೊದಿಂದ. ತಮ್ಮಿಬ್ಬರ ಬೀದಿಗಳ ಹುಡುಗಿಯರನ್ನು ಶನಿವಾರ ಬೆಳಗ್ಗೆ ಪ್ರಯೋಗಾಲಯದಲ್ಲಿ ಕೂಡಿಸಿ, ಎಂಜಿನಿಯರಿಂಗಿಗೂ ವೈದ್ಯಕೀಯಕ್ಕೂ ಕಳಿಸುವ ಕೆಲಸವನ್ನು ಮೂರು ವರ್ಷದ ಹಿಂದೆ ಇಬ್ಬರೂ ಸೇರಿ ಶುರುಮಾಡಿದ್ದರು. ಪ್ರೀತಿ ಅದರ ಹಿಂದೆಯೇ, ಕರೆಯದ ಅತಿಥಿಯಂತೆ ಬಂದು ಕುಳಿತಿತ್ತು. ಪಾಠ ಮುಗಿದು ಅವಳು ರಕ್ಷಣೆಯ ಕನ್ನಡಕ ತೆಗೆದಾಗ ಕಪೋಲದ ಮೇಲೆ ಪಟ್ಟಿಯ ಗುರುತೊಂದು ಉಳಿಯುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸುವುದು ಅವನ ವಾರದ ಸಂಭ್ರಮ.

ಕಳೆದ ಚಳಿಗಾಲ ಅವಳು ದೂರದ ಪಶ್ಚಿಮ ತೀರದ ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಸಂಶೋಧನೆಗೆ ಅರ್ಜಿ ಹಾಕಿದ್ದಳು. ಅನೀಬಲ್ ತನ್ನ ಪತ್ರದಲ್ಲಿ ಒಂದು ಸುಳ್ಳನ್ನೂ ಬರೆಯಲಿಲ್ಲ. ಕರುಣೆಯುಳ್ಳವಳು, ಶ್ರಮಜೀವಿ, ಮಕ್ಕಳಿಗೆ ತಾಯಿಯಂಥವಳು ಎಂದು ಬರೆದ. ಇನ್ನೂರು ಮನೆಗಳ ನಲ್ಲಿ ನೀರಿನಲ್ಲಿ ಸೀಸ ಪತ್ತೆಹಚ್ಚಿದ ಪರೀಕ್ಷಾ ಕಾಗದದ ಪಟ್ಟಿ ಅವಳೊಬ್ಬಳ ಬುದ್ಧಿಯಿಂದ ಹುಟ್ಟಿದ್ದೆಂದು ಬರೆಯಲಿಲ್ಲ. ಶಿಫಾರಸು ಪತ್ರಗಳ ಇಂಥ ಮೆದುಮಾತುಗಳು ಹೆಣ್ಣುಮಕ್ಕಳ ದಾರಿಯನ್ನು ಹೇಗೆ ಮುಚ್ಚುತ್ತವೆಂದು ಒಡೆಸ್ಸಾ ಪ್ರತಿ ನವೆಂಬರಿನಲ್ಲಿ ಪಾಠ ಮಾಡುತ್ತಿದ್ದಳು. ಹುಡುಗಿಯರು ಕೆಂಪು ಪೆನ್ಸಿಲ್ ಹಿಡಿದು ಅಂಥ ಮಾತುಗಳನ್ನು ಹೊಡೆದುಹಾಕುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು ಆ ಪಾಠವನ್ನು ಅವನಷ್ಟು ಚೆನ್ನಾಗಿ ಕಲಿತವರು ಯಾರೂ ಇರಲಿಲ್ಲ.

ಅವಳಿಗೆ ಜಾಗ ಸಿಗಲಿಲ್ಲ.

ಮುಂದಿನ ಶನಿವಾರ ಅವನ ಚೀಲದಲ್ಲಿ ಎರಡು ಪತ್ರಗಳಿದ್ದವು: ಕಳಿಸಿದ್ದು ಒಂದು, ಹಿಂದಿನ ಸಂಜೆ ಕುಳಿತು ಹಳೆಯ ತಾರೀಖು ಹಾಕಿ ಹೊಸದಾಗಿ ಬರೆದದ್ದು ಇನ್ನೊಂದು. ಹೊಸದನ್ನೇ ಕೊಡುವುದೆಂದು ನಿಶ್ಚಯಿಸಿಕೊಂಡು ಬಂದಿದ್ದ.

"ಈ ಸಲ ಮತ್ತೆ ಅರ್ಜಿ ಹಾಕ್ತೀಯಲ್ವಾ?" ಎಂದ, ಮಾತಿಗೆಂಬಂತೆ.

"ಇಲ್ಲ ಬಿಡು." ಅವಳು ಗಾಜಿನ ನಳಿಕೆಗಳನ್ನು ಜೋಡಿಸುತ್ತಿದ್ದಳು. "ನನ್ನ ಗಣಿತ ಅಷ್ಟಕ್ಕಷ್ಟೇ ಅಂತ ಕಾಣುತ್ತೆ. ವರ್ಷ ಪೂರ್ತಿ ಯೋಚಿಸಿದೆ. ಈ ಹುಡುಗೀರು ಹೋದ್ರೆ ಸಾಕು. ನಾನು ನಿಂಗೆ ಸಿಹಿಗೆಣಸಿನ ಪೈ ಮಾಡಿಕೊಡ್ತಾ ಇಲ್ಲೇ ಇರ್ತೀನಿ."

ಅವನು ವರ್ಷವಿಡೀ ಕಾದದ್ದು ಈ ಮಾತಿಗೇ. ಆದರೆ ತನ್ನನ್ನು ತಾನೇ ಚಿಕ್ಕದು ಮಾಡಿಕೊಂಡು ನಿಂತ ಆ ಮುಖವನ್ನು ಅವನು ಎಂದೂ ಕಂಡಿರಲಿಲ್ಲ. ಚೀಲದೊಳಗೆ ಕೈ ಹಾಕಿದ. ಬೆರಳು ಹಳೆಯ ಪತ್ರವನ್ನು ಹಿಡಿದು ಹೊರತಂದಿತು.

ಅವಳು ಓದದೆಯೇ ಎರಡು ಹೆಸರುಗಳ ಮೇಲೂ ಬಿಳಿ ಪಟ್ಟಿ ಅಂಟಿಸಿ, ಪ್ರೊಜೆಕ್ಟರಿನಡಿ ಇಟ್ಟು ಗೋಡೆಯ ತೆರೆಯ ಮೇಲೆ ಪತ್ರ ಮೂಡಿಸಿದಳು. ಗಟ್ಟಿಯಾಗಿ ಓದತೊಡಗಿದಳು. ಮೂರನೆಯ ಸಾಲಿಗೆ ದನಿ ನಿಧಾನವಾಯಿತು. ಕೊನೆಯ ಸಾಲನ್ನು ಓದಲಿಲ್ಲ.

"ಮಿಸ್, ಇದು ಕೆಟ್ಟ ಮಾದರಿ ತಾನೇ?" ಎಂದು ಕೇಳಿದಳು ಮುಂದಿನ ಸಾಲಿನ ಟಿಯೆರಾ.

"ಹೌದು," ಎಂದಳು ಒಡೆಸ್ಸಾ. "ಪೆನ್ಸಿಲ್ ತಗೊಳ್ಳಿ."

ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕಾಗದದ ಮೇಲೆ ಗೆರೆ ಎಳೆದರು. ಕರುಣೆ ಹೋಯಿತು. ಶ್ರಮ ಹೋಯಿತು. ತಾಯಿ ಹೋದಳು.

"ಏನೂ ಉಳೀಲೇ ಇಲ್ವಲ್ಲ," ಎಂದಳು ಯಾದೀರಾ. "ಈಕೆ ಏನಾದ್ರೂ ಮಾಡಿದಾಳಾ ಇಲ್ವಾ ಪಾಪ?"

"ಬರೆದೋನಿಗೆ ಈಕೆನ ಮದ್ವೆ ಆಗೋ ಆಸೆ ಇತ್ತು ಕಣೇ," ಎಂದಳು ಟಿಯೆರಾ. "ಇದು ಯೂನಿವರ್ಸಿಟಿಗೆ ಬರೆದಿದ್ದಲ್ಲ. ಅವನ ಅಮ್ಮನಿಗೆ ಬರೆದಿದ್ದು."

ತರಗತಿ ಬಿದ್ದುಬಿದ್ದು ನಕ್ಕಿತು. ಒಡೆಸ್ಸಾಳೂ ನಕ್ಕಳು, ನಗುತ್ತಲೇ ತಲೆಯೆತ್ತಿ ಹಿಂದಿನ ಬೆಂಚನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಹುಡುಗಿಯರು ಹೋದ ಮೇಲೆ ಅವನು ಇನ್ನೊಂದು ಪತ್ರವನ್ನು ಮೇಜಿನ ಮೇಲಿಟ್ಟ. "ಬರೀಬೇಕಾಗಿದ್ದು ಇದು."

ಅವಳು ಕಿಟಕಿಯ ಬೆಳಕಿಗೆ ಹಿಡಿದು ಕಡೆಯ ತನಕ ಓದಿದಳು. ಅದರಲ್ಲಿ ಸೀಸದ ಪಟ್ಟಿಯಿತ್ತು, ಇನ್ನೂರು ಮನೆಗಳಿದ್ದವು, ಅವನು ಕಂಡ ಅತ್ಯಂತ ಚುರುಕಾದ ಬುದ್ಧಿಯೊಂದಿತ್ತು.

"ಇಷ್ಟೆಲ್ಲಾ ಗೊತ್ತಿತ್ತು ನಿಂಗೆ."

"ಗೊತ್ತಿತ್ತು."

"ಗೊತ್ತಿಲ್ದೆ ಬರೆದಿದ್ರೆ ಮರೀಬಹುದಿತ್ತು ಅನೀಬಲ್." ಪತ್ರವನ್ನು ಮಡಿಸಿ ಅವನ ಕಡೆಗೇ ಸರಿಸಿದಳು. "ಅರ್ಜಿಗೆ ಇನ್ನೂ ಮೂರು ವಾರ ಇದೆ. ಪತ್ರಕ್ಕೆ ಪ್ರಿನ್ಸಿಪಾಲರನ್ನ ಕೇಳ್ಕೋತೀನಿ."

"ಹೋಗಬೇಡ ಅಂತ ಬಾಯಿಬಿಟ್ಟು ಕೇಳೋಕೆ ನಂಗೆ ಹೆದರಿಕೆ ಆಯ್ತು. ಕೇಳಿದ್ರೂ ಹೋಗಿಬಿಡ್ತಿದ್ದೆ ನೀನು."

"ಹೋಗ್ತಿದ್ದೆ," ಎಂದಳು ಅವಳು. "ಪ್ರತಿ ರಜಕ್ಕೂ ವಾಪಸ್ ಬರ್ತಿದ್ದೆ ಕಣೋ."

ಕನ್ನಡಕ ತೆಗೆದು ಮೊಳೆಗೆ ತೂಗುಹಾಕಿದಳು. ಕಪೋಲದ ಮೇಲೆ ಗುರುತು ಎಂದಿನಂತೆ ಮೂಡಿತ್ತು. ಅವನ ಕೈ ಅರ್ಧ ಮೇಲೆದ್ದಿತು. ಅಷ್ಟರಲ್ಲಿ ಅವಳೇ ತನ್ನ ಹೆಬ್ಬೆರಳಿನಿಂದ ಅದನ್ನು ಒರೆಸಿಕೊಂಡು, ಕೋಟು ತೊಟ್ಟು ಹೊರನಡೆದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.